ಮೋಡೆಮ್ ಎಲ್ಲಿ ನಿಂತಿತು ಎಂದು ಅದನ್ನೇ ಕೇಳಿ

ಕಂಪ್ಯೂಟರಿನ ಮಾಹಿತಿಯನ್ನು ಸದ್ದಾಗಿಸಿ ಫೋನ್ ಲೈನಿನಲ್ಲಿ ಕಳಿಸುವ ಡಯಲ್-ಅಪ್ ಮೋಡೆಮ್ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರೆ ಮೊದಲು ಕಂಪ್ಯೂಟರಿಗೆ ಕೈ ಹಾಕಬಾರದು. ಅದೇ ಲೈನಿನ ಫೋನಿನ ರಿಸೀವರ್ ಎತ್ತಿ ಕಿವಿಗೆ ಹಿಡಿಯಬೇಕು. ಡಯಲ್ ಟೋನ್ ಬಂದರಷ್ಟೇ ಸಾಲದು. ಯಾವುದಾದರೂ ಒಂದು ಅಂಕಿ ಒತ್ತಿ, ಟೋನ್ ಕಡಿದ ಮೇಲೆ ಉಳಿಯುವ ಮೌನವನ್ನು ಕೇಳಬೇಕು. ಒಳ್ಳೆಯ ಲೈನಿನಲ್ಲಿ ಆ ಹೊತ್ತು ಏನೂ ಕೇಳಿಸುವುದಿಲ್ಲ. ಗುಂಯ್ ಎನ್ನುತ್ತಿದ್ದರೆ ಎಲ್ಲೋ ಕರೆಂಟಿನ ವೈರಿನ ಸಹವಾಸವಾಗಿದೆ, ಇಲ್ಲವೇ ಎರಡರಲ್ಲಿ ಒಂದು ತಂತಿ ನೆಲಕ್ಕೆ ತಾಗಿದೆ. ಚರಚರ ಎಂದರೆ ಜಾಯಿಂಟ್ ಸಡಿಲ ಅಥವಾ ಒದ್ದೆ. ಯಾರದೋ ಮಾತು ದೂರದಲ್ಲಿ ಕೇಳಿಸಿದರೆ ಕೇಬಲ್ಲಿನೊಳಗೆ ಎರಡು ಜೋಡಿಗಳ ನಡುವಿನ ಹೊದಿಕೆ ಹಾಳಾಗಿದೆ. ಈ ಮೂರರಲ್ಲಿ ಯಾವುದಿದ್ದರೂ ಮೋಡೆಮ್ ಬಿಚ್ಚಿ ಪ್ರಯೋಜನವಿಲ್ಲ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಮೂಲಕ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಗುವ ತನಕ, ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದಂಥ ಬಡಾವಣೆಗಳಾಗಲಿ ಮಂಡ್ಯದ ಪೇಟೆ ಬೀದಿಯಾಗಲಿ, ಮನೆಯ ಇಂಟರ್ನೆಟ್ ಎಂದರೆ ಫೋನ್ ಲೈನಿಗೆ ಸಿಕ್ಕಿಸಿದ ಈ ಪೆಟ್ಟಿಗೆಯೇ. ಆ ಕಾಲದ ಎಷ್ಟೋ ಪೆಂಟಿಯಂ ಯಂತ್ರಗಳು ಅಟ್ಟದ ಮೇಲೆ ಇನ್ನೂ ಇವೆ. ಅವನ್ನು ಇಳಿಸಿ, ಧೂಳು ಒರೆಸಿ ಮತ್ತೆ ನಡೆಸುವ ಆಸೆ ಇರುವವರಿಗೆ ಈ ಬರಹ. ಇನ್ನೂ ಒಂದು ಕಾರಣವಿದೆ. ಮನೆಗೆ ಬಂದ ಸಂಪರ್ಕಯಂತ್ರಗಳಲ್ಲಿ ತಾನು ಯಾವ ಹೆಜ್ಜೆಯಲ್ಲಿ ನಿಂತೆ ಎಂದು ದೀಪದಲ್ಲಿ, ಸದ್ದಿನಲ್ಲಿ, ಬರಹದಲ್ಲಿ ಮೂರೂ ಬಗೆಯಲ್ಲಿ ಹೇಳುತ್ತಿದ್ದುದು ಇದೊಂದೇ. ಈಗಿನ ಫೈಬರ್ ಪೆಟ್ಟಿಗೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಮೋಡೆಮ್ ಹಾಗಲ್ಲ. ಅದು ಹೇಳಿದ್ದನ್ನು ಕ್ರಮವಾಗಿ ಕೇಳಿಸಿಕೊಂಡರೆ ದೋಷ ತಾನಾಗಿ ಸಿಗುತ್ತದೆ. ಕ್ರಮ ತಪ್ಪಿಸಿ ಡ್ರೈವರ್ ಅಳಿಸುವುದು, ವಿಂಡೋಸ್ ಮತ್ತೆ ಹಾಕುವುದು ಎಂದು ಹೊರಟರೆ ದಿನ ಹೋಗುತ್ತದೆ, ದೋಷ ಹೋಗುವುದಿಲ್ಲ.

ಲೈನು

ಮಲ್ಟಿಮೀಟರ್ ಇದ್ದರೆ ಕಿವಿಗಿಂತ ಖಚಿತ. ಮನೆಯ ಫೋನು, ಮೋಡೆಮ್, ಎಕ್ಸ್‌ಟೆನ್ಷನ್ ಎಲ್ಲ ಕಳಚಿ, ಗೋಡೆಯ ರೋಸೆಟ್ ಡಬ್ಬಿಯಲ್ಲಿ ಹೊರಗಿನ ತಂತಿ ಬಂದು ಸೇರುವ ಎರಡು ಸ್ಕ್ರೂಗಳ ನಡುವೆ ಡಿ.ಸಿ. ವೋಲ್ಟೇಜ್ ಅಳೆಯಿರಿ. ಎಕ್ಸ್‌ಚೇಂಜ್ ಕೊಡುವುದು 48 ವೋಲ್ಟ್. 45ರಿಂದ 52ರೊಳಗೆ ಇದ್ದರೆ ಸರಿ. ಈಗ ಒಂದು ಫೋನ್ ಸಿಕ್ಕಿಸಿ ರಿಸೀವರ್ ಎತ್ತಿದರೆ ಅದು 6ರಿಂದ 10 ವೋಲ್ಟಿನ ಆಸುಪಾಸಿಗೆ ಇಳಿಯಬೇಕು. ರಿಸೀವರ್ ಇಟ್ಟಿದ್ದಾಗಲೇ 30 ತೋರಿಸಿದರೆ ಲೈನಿನಲ್ಲಿ ಎಲ್ಲೋ ಸೋರಿಕೆ ಇದೆ. ಇಟ್ಟಾಗ 48 ಇದ್ದು ಎತ್ತಿದಾಗ 2-3ಕ್ಕೆ ಕುಸಿದರೆ ದಾರಿಯಲ್ಲಿ ರೆಸಿಸ್ಟೆನ್ಸ್ ಹೆಚ್ಚಿದೆ, ಬಹುಮಟ್ಟಿಗೆ ಕಿಲುಬು ಹಿಡಿದ ಜಾಯಿಂಟ್. ಅಳೆಯುವಾಗ ತಂತಿಯ ತುದಿ ಬರಿಗೈಯಲ್ಲಿ ಹಿಡಿಯಬೇಡಿ. 48 ವೋಲ್ಟ್ ಏನೂ ಮಾಡದಿರಬಹುದು, ಆದರೆ ಅಷ್ಟರಲ್ಲಿ ಕರೆ ಬಂದರೆ ಗಂಟೆ ಬಾರಿಸುವ ಕರೆಂಟು 75 ವೋಲ್ಟಿಗೂ ಮೀರಿದ ಎ.ಸಿ.; ಜೋರಾಗಿಯೇ ಹೊಡೆಯುತ್ತದೆ.

ತಂತಿ ಎಕ್ಸ್‌ಚೇಂಜಿನಿಂದ ಮನೆಗೆ ಒಂದೇ ಎಳೆಯಾಗಿ ಬರುವುದಿಲ್ಲ. ನೆಲದೊಳಗಿನ ದೊಡ್ಡ ಕೇಬಲ್ಲಿನಲ್ಲಿ ಹೊರಟು, ರಸ್ತೆ ಬದಿಯ ಪಿಲ್ಲರಿನಲ್ಲಿ ಒಮ್ಮೆ, ಕಂಬದ ಅಥವಾ ಗೋಡೆಯ ಮೇಲೆ ಲೈನುಗಳನ್ನು ಮನೆಗಳಿಗೆ ಹಂಚುವ ಡಿ.ಪಿ. ಬಾಕ್ಸಿನಲ್ಲಿ ಇನ್ನೊಮ್ಮೆ ಸ್ಕ್ರೂಗೆ ಬಿಗಿಸಿಕೊಂಡು, ಅಲ್ಲಿಂದ ಡ್ರಾಪ್ ವೈರ್ ಆಗಿ ಮನೆ ಸೇರುತ್ತದೆ. ಈ ಒಂದೊಂದು ಕೂಡುವ ಜಾಗವೂ ಮಳೆಗಾಲದಲ್ಲಿ ಅನುಮಾನದ ಜಾಗ. ನೀರು ಸೇರಿದ ತಾಮ್ರಕ್ಕೆ ಡಿ.ಸಿ. ಕರೆಂಟು ಸಿಕ್ಕರೆ ಪಾಸಿಟಿವ್ ಕಡೆಯ ಲೋಹ ಕರಗುತ್ತಾ ಹೋಗುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಭೂಮಿಗೆ ಕಟ್ಟಿ, ಲೈನಿಗೆ ಮೈನಸ್ 48 ಕೊಡುವ ಪದ್ಧತಿ ಬಂದಿರುವುದು ನೆಲದೊಳಗಿನ ತಾಮ್ರ ಹೀಗೆ ಸವೆಯದಿರಲಿ ಎಂದೇ. ಅದು ಸವೆತವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಮಂಡ್ಯ ಕಡೆ ತೋಟದ ಮಧ್ಯೆ ಹಾಯುವ ಡ್ರಾಪ್ ವೈರಿಗೆ ತೆಂಗಿನ ಗರಿ ಬೀಳುವುದು, ಎತ್ತರಕ್ಕೆ ಕಬ್ಬು ಹೇರಿದ ಗಾಡಿ ಎಳೆದುಕೊಂಡು ಹೋಗುವುದು ಬೇರೆ. ಹೊರಗೆ ಕಡಿದದ್ದು ಕಣ್ಣಿಗೆ ಬೀಳುತ್ತದೆ. ಹೊದಿಕೆಯೊಳಗೆ ಅರ್ಧ ತುಂಡಾಗಿ, ಗಾಳಿ ಬೀಸಿದಾಗ ಮಾತ್ರ ಬಿಟ್ಟುಬಿಟ್ಟು ತಾಗುವುದು ಕಾಣುವುದಿಲ್ಲ. ಗಾಳಿ ಇದ್ದಾಗಲೇ ಸಂಪರ್ಕ ಕಡಿಯುತ್ತದೆ ಎಂದರೆ ಮೊದಲು ಕಂಬ ನೋಡಿ.

ಫೋನ್ ಕಂಪನಿಯ ದೂರು ಸಂಖ್ಯೆ 198ಕ್ಕೆ ದೂರು ಕೊಡುವಾಗ “ಇಂಟರ್ನೆಟ್ ಬರುತ್ತಿಲ್ಲ” ಎನ್ನಬೇಡಿ. ಲೈನ್‌ಮನ್ ಬಂದು ಫೋನಿನಲ್ಲಿ ಮಾತಾಡಿ ನೋಡುತ್ತಾರೆ, ಕೇಳಿಸಿದರೆ ಹೋಗುತ್ತಾರೆ, ಅದು ಅವರ ತಪ್ಪೂ ಅಲ್ಲ. “ರಿಸೀವರ್ ಎತ್ತಿದರೆ 3 ವೋಲ್ಟಿಗೆ ಇಳಿಯುತ್ತಿದೆ, ಚರಚರ ಸದ್ದಿದೆ” ಎಂದರೆ ಅವರಿಗೆ ಡಿ.ಪಿ. ಬಾಕ್ಸಿನ ಕಡೆ ಹೋಗಬೇಕು ಎಂದು ತಕ್ಷಣ ಗೊತ್ತಾಗುತ್ತದೆ.

ಮಾತು ಚೆನ್ನಾಗಿ ಕೇಳಿಸಿಯೂ ಮೋಡೆಮ್ ತಿಣುಕುವುದುಂಟು. ಫೋನ್ ಲೈನಿನಲ್ಲಿ ಹಾಯುವುದು 300ರಿಂದ 3,400 ಹರ್ಟ್ಸ್ ತನಕದ ಸದ್ದು. ಮನುಷ್ಯರ ಮಾತಿಗೆ ಅದರಲ್ಲಿ ಸ್ವಲ್ಪ ಭಾಗ ಹಾಳಾದರೂ ನಡೆಯುತ್ತದೆ, ಬಿಟ್ಟದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಮೋಡೆಮ್‌ಗೆ ಅಂಚಿನಿಂದ ಅಂಚಿನವರೆಗೆ ಪೂರ್ತಿ ಬೇಕು. ಆದ್ದರಿಂದ ಪರೀಕ್ಷೆಗೆ ಎಲ್ಲ ಪ್ಯಾರಲಲ್ ಫೋನು, ಹಜಾರಕ್ಕೊಂದು ಅಡುಗೆಮನೆಗೊಂದು ಎಂದು ಎಳೆದ ವೈರು, ಹೆಚ್ಚುವರಿ ಗಂಟೆ ಎಲ್ಲವನ್ನೂ ಕಳಚಿ, ರೋಸೆಟ್‌ನಿಂದ ಮೋಡೆಮ್‌ಗೆ ಒಂದೇ ಚಿಕ್ಕ ವೈರು ಹಾಕಿ. ಫೋನ್ ಇಲ್ಲದೆ ತುದಿ ಬಿಟ್ಟಿರುವ ಎಕ್ಸ್‌ಟೆನ್ಷನ್ ವೈರು ಕೂಡ ಸಿಗ್ನಲ್ಲನ್ನು ಹಿಂದಕ್ಕೆ ಪುಟಿಸಿ ಕೆಡಿಸುತ್ತದೆ. ಚಪ್ಪಟೆ ವೈರಿನೊಳಗೆ ಎರಡು ತಂತಿ ಹೊಸೆದಿರುವುದಿಲ್ಲ; ಅದನ್ನು ಕರೆಂಟ್ ವೈರಿನ ಜೊತೆಗೇ ಒಂದೇ ಪಟ್ಟಿಯಲ್ಲಿ ಎಳೆದರೆ 50 ಹರ್ಟ್ಸಿನ ಗುಂಯ್ ಒಳಗೆ ಬರುತ್ತದೆ. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ಆ ಒಂದು ಬೀಪ್ ಸಾಕು ಸಂಪರ್ಕ ಮುರಿಯಲು.

ಮೋಡೆಮ್ ಬದುಕಿದೆಯೇ

ಲೈನು ಸರಿಯಿದ್ದರೆ ಈಗ ಮೋಡೆಮ್ ಜೊತೆ ನೇರ ಮಾತು. ವಿಂಡೋಸ್ 98 ಮತ್ತು ಎಕ್ಸ್‌ಪಿ ಎರಡರಲ್ಲೂ ಮೋಡೆಮ್‌ಗೆ ನೇರವಾಗಿ ಆಜ್ಞೆ ಟೈಪ್ ಮಾಡುವ ಹೈಪರ್‌ಟರ್ಮಿನಲ್ ಎಂಬ ಪ್ರೋಗ್ರಾಮ್ ಇದೆ. ಡಯಲ್ ಮಾಡುವ ಬದಲು ಮೋಡೆಮ್ ಇರುವ ಕಾಮ್ ಪೋರ್ಟನ್ನು (ಸೀರಿಯಲ್ ಪೋರ್ಟು) ನೇರವಾಗಿ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಎ, ಟಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಓಕೆ ಎಂಬ ಉತ್ತರ ಬಂದರೆ ಕಂಪ್ಯೂಟರ್, ವೈರು, ಪೋರ್ಟು, ಮೋಡೆಮ್‌ನ ಒಳಗಿನ ಬುದ್ಧಿ ನಾಲ್ಕೂ ಸರಿಯಿವೆ. ಟೈಪ್ ಮಾಡಿದ್ದೇ ಕಾಣದಿದ್ದರೆ ಎಟಿ ಇ1, ಉತ್ತರ ಬರದಂತೆ ಯಾರೋ ಬಾಯಿ ಕಟ್ಟಿದ್ದರೆ ಎಟಿ ಕ್ಯೂ0. ಹಳೆಯ ಸೆಟಿಂಗುಗಳೆಲ್ಲ ಗೋಜಲಾಗಿದ್ದರೆ ಎಟಿ & ಎಫ್ ಕೊಟ್ಟು ಕಾರ್ಖಾನೆಯ ಸ್ಥಿತಿಗೆ ತಂದು, ಎಟಿ & ಡಬ್ಲ್ಯು ಕೊಟ್ಟು ಉಳಿಸಿ.

ಏನೂ ಉತ್ತರವಿಲ್ಲದಿದ್ದರೆ? ಹೊರಗಿಡುವ ಮೋಡೆಮ್ ಆದರೆ ಅದರ ದೀಪಗಳನ್ನು ನೋಡಿ. ಎಂ.ಆರ್. ಉರಿಯುತ್ತಿದ್ದರೆ ಮೋಡೆಮ್ ಸಿದ್ಧ. ಟಿ.ಆರ್. ಉರಿಯದಿದ್ದರೆ ಕಂಪ್ಯೂಟರಿನ ಸುದ್ದಿ ಮೋಡೆಮ್‌ಗೆ ತಲುಪಿಲ್ಲ. ಸೀರಿಯಲ್ ಕೇಬಲ್ ಸಡಿಲ, ಅಥವಾ ನೇರ ಕೇಬಲ್ ಬದಲು ಒಳಗೆ ಅದಲುಬದಲಾದ ನಲ್-ಮೋಡೆಮ್ ಕೇಬಲ್ ಹಾಕಲಾಗಿದೆ, ಅಥವಾ ಪೋರ್ಟೇ ಬೇರೆ. ಯಾವ ದೀಪವೂ ಇಲ್ಲದಿದ್ದರೆ ಅಡಾಪ್ಟರ್. ಇಲ್ಲಿ ಎಚ್ಚರಿಕೆ ಬೇಕು: ಹಲವು ಮೋಡೆಮ್‌ಗಳ ಅಡಾಪ್ಟರ್ ಹೊರಗೆ ಕೊಡುವುದು 9 ವೋಲ್ಟ್ ಎ.ಸಿ., ಡಿ.ಸಿ. ಅಲ್ಲ. ಪಿನ್ ಹೊಂದುತ್ತದೆ ಎಂದು ಮನೆಯ ಇನ್ಯಾವುದೋ ಅಡಾಪ್ಟರ್ ಸಿಕ್ಕಿಸಬಾರದು, ಚೀಟಿ ಓದಿಯೇ ಹಾಕಬೇಕು. ದೀಪಗಳು ಉರಿಯುತ್ತಿದ್ದು ಲೈನ್ ಎತ್ತಿದ ತಕ್ಷಣ ಮೋಡೆಮ್ ತಾನೇ ರೀಸೆಟ್ ಆಗುತ್ತಿದ್ದರೆ ಅಡಾಪ್ಟರ್ ಸೊರಗಿದೆ, ಇಲ್ಲವೇ ಮೋಡೆಮ್‌ನ ಒಳಗಿನ ಕೆಪಾಸಿಟರ್ ಒಣಗಿದೆ. ತಲೆ ಉಬ್ಬಿದ ಕೆಪಾಸಿಟರ್ ನೋಡಿದರೇ ಗೊತ್ತಾಗುತ್ತದೆ.

ಒಳಗಿನ ಕಾರ್ಡ್ ಆದರೆ ಎರಡು ಜಾತಿ. ಹಳೆಯ ಐಎಸ್‌ಎ ಸ್ಲಾಟಿನ ಕಾರ್ಡುಗಳಲ್ಲಿ ಪೋರ್ಟ್ ಆರಿಸುವ ಪುಟ್ಟ ಜಂಪರ್ ಇರುತ್ತದೆ, ಅಲ್ಲಿ ಜಗಳ ಐಆರ್‌ಕ್ಯೂದು, ಎಂದರೆ ಪ್ರೊಸೆಸರನ್ನು ಕರೆಯುವ ಸಾಲಿನದು. ಕಾಮ್ 1 ಮತ್ತು ಕಾಮ್ 3 ಎರಡೂ ಐಆರ್‌ಕ್ಯೂ 4 ಹಂಚಿಕೊಳ್ಳುತ್ತವೆ. ಕಾಮ್ 2 ಮತ್ತು 4 ಐಆರ್‌ಕ್ಯೂ 3. ಮೌಸ್ ಕಾಮ್ 1ರಲ್ಲಿದ್ದು ಮೋಡೆಮ್ ಕಾಮ್ 3ಕ್ಕೆ ಕೂತಿದ್ದರೆ ಮೌಸ್ ಅಲ್ಲಾಡಿಸಿದಾಗ ಮೋಡೆಮ್ ಹೋಗುತ್ತದೆ, ಅಥವಾ ಡಯಲ್ ಮಾಡಿದಾಗ ಮೌಸ್ ಹೆಪ್ಪುಗಟ್ಟುತ್ತದೆ. ಮೋಡೆಮ್ ಕಾಮ್ 2ಕ್ಕೆ ಒಯ್ದು, ಬಯಾಸ್‌ನಲ್ಲಿ ಮದರ್‌ಬೋರ್ಡಿನ ಎರಡನೇ ಸೀರಿಯಲ್ ಪೋರ್ಟ್ ಮುಚ್ಚಿದರೆ ಮುಗಿಯಿತು. ಆಮೇಲಿನ ಪಿಸಿಐ ಸ್ಲಾಟಿನ ಕಾರ್ಡುಗಳಲ್ಲಿ ಹೆಚ್ಚಿನವು ಸಾಫ್ಟ್‌ಮೋಡೆಮ್. ಸದ್ದನ್ನು ಅಂಕಿಯಾಗಿಸುವ ಲೆಕ್ಕವೆಲ್ಲ ಕಂಪ್ಯೂಟರಿನ ಪ್ರೊಸೆಸರ್ ತಲೆಗೆ. ಕಾರ್ಡಿನಲ್ಲಿರುವುದು ಲೈನಿಗೆ ತಾಗುವ ಭಾಗವಷ್ಟೇ. ಡ್ರೈವರ್ ಇಲ್ಲದಿದ್ದರೆ ಅದು ಸತ್ತ ಹಲಗೆ. ಕಾರ್ಡಿನ ಮೇಲೆ ಬರೆದ ಕಂಪನಿಯ ಹೆಸರಿಗಿಂತ ದೊಡ್ಡ ಚಿಪ್ಪಿನ ಮೇಲಿನ ಹೆಸರು ಮುಖ್ಯ: ಕಾನೆಕ್ಸಂಟ್, ಲ್ಯೂಸೆಂಟ್, ಮೋಟೊರೋಲಾ, ಸ್ಮಾರ್ಟ್‌ಲಿಂಕ್. ಡ್ರೈವರ್ ಹುಡುಕಬೇಕಾದದ್ದು ಆ ಹೆಸರಿನಲ್ಲಿ. ಹಳೆಯ ಯಂತ್ರಕ್ಕೆ ಹೊಸದಾಗಿ ಕೊಳ್ಳುವುದಾದರೆ ಸೀರಿಯಲ್ ಪೋರ್ಟಿನ ಹೊರಗಿನ ಮೋಡೆಮ್ಮೇ ಮೇಲು. ಅದಕ್ಕೆ ಡ್ರೈವರಿನ ಹಂಗು ಇಲ್ಲವೆನ್ನುವಷ್ಟು ಕಡಿಮೆ.

ಓಕೆ ಬರುತ್ತದೆ, ಡಯಲ್ ಮಾಡಿದರೆ ನೋ ಡಯಲ್‌ಟೋನ್ ಎನ್ನುತ್ತದೆ, ಫೋನಿನಲ್ಲಿ ಟೋನ್ ಚೆನ್ನಾಗಿಯೇ ಇದೆ. ನಮ್ಮ ಕಡೆ ತುಂಬಾ ಜನರನ್ನು ಸತಾಯಿಸಿದ ದೋಷ ಇದು. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಎರಡು ಸ್ವರ ಕೂಡಿದ್ದು. ನಮ್ಮದು 400 ಹರ್ಟ್ಸನ್ನು 25 ಹರ್ಟ್ಸಿನಿಂದ ಏರಿಳಿಸಿದ, ಸ್ವಲ್ಪ ಒರಟಾದ ಸದ್ದು. ಅಲ್ಲಿಯ ಟೋನಿಗಾಗಿ ಕಿವಿಗೊಟ್ಟು ಕೂತ ಮೋಡೆಮ್ ಇದನ್ನು ಗುರುತಿಸದೆ ಹೋಗಬಹುದು. ಕಂಟ್ರೋಲ್ ಪ್ಯಾನಲಿನಲ್ಲಿ ದೇಶ ಇಂಡಿಯಾ ಎಂದು ಇದೆಯೇ ನೋಡಿ. ಆದರೂ ಆಗದಿದ್ದರೆ ಡಯಲ್ ಟೋನಿಗಾಗಿ ಕಾಯುವ ಗುರುತು ತೆಗೆಯಿರಿ, ಅಥವಾ ಹೆಚ್ಚುವರಿ ಸೆಟಿಂಗಿನಲ್ಲಿ ಎಕ್ಸ್3 ಎಂದು ಬರೆಯಿರಿ. ಆಗ ಅದು ಟೋನಿಗೆ ಕಾಯದೆ ಡಯಲ್ ಮಾಡುತ್ತದೆ, ಆದರೆ ಆ ಕಡೆ ಲೈನ್ ಬ್ಯುಸಿ ಇದ್ದರೆ ಗುರುತಿಸುತ್ತದೆ. ಅಂಕಿ ಒತ್ತಿದರೂ ಟೋನ್ ಕಡಿಯದಿದ್ದರೆ ಎಕ್ಸ್‌ಚೇಂಜಿಗೆ ಸ್ವರದ ಅಂಕಿ ತಿಳಿಯುತ್ತಿಲ್ಲ ಎಂದರ್ಥ. ಎಟಿ ಡಿಟಿ ಬದಲು ಎಟಿ ಡಿಪಿ ಕೊಟ್ಟು ಪಲ್ಸ್‌ನಲ್ಲಿ ಡಯಲ್ ಮಾಡಿ. ಹಳೆಯ ಯಾಂತ್ರಿಕ ಎಕ್ಸ್‌ಚೇಂಜುಗಳ ಕಾಲದ ಪದ್ಧತಿ ಅದು. ನಮ್ಮ ಹಳ್ಳಿಗಳು ಅದನ್ನು ದಾಟಿದ್ದು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಚಿಕ್ಕ ಡಿಜಿಟಲ್ ಎಕ್ಸ್‌ಚೇಂಜುಗಳಿಂದ. ಮೊದಲನೆಯದು 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಶುರುವಾಯಿತು, 128 ಪೋರ್ಟಿನದು. ಎ.ಸಿ. ಕೋಣೆ ಬೇಡದ, ನಮ್ಮ ಧೂಳು ಬಿಸಿಲಿಗೆ ಒಗ್ಗುವ ಯಂತ್ರವನ್ನು ಇಲ್ಲಿಯವರೇ ಕಟ್ಟಿದರು ಎಂಬುದು ಇಂದಿಗೂ ಹೆಮ್ಮೆಯ ವಿಷಯ.

ಸದ್ದು

ಸ್ಪೀಕರಿನ ಸದ್ದು ಕಿರಿಕಿರಿ ಎಂದು ಎಟಿ ಎಂ0 ಕೊಟ್ಟು ಮುಚ್ಚಿದವರು ಮೊದಲು ಅದನ್ನು ಎಂ1ಕ್ಕೆ ತನ್ನಿ. ರಿಪೇರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಡಯಲ್ ಆಗಿ, ಆ ಕಡೆ ಗಂಟೆ ಬಾರಿಸಿ, ಎತ್ತಿಕೊಂಡ ಮೋಡೆಮ್ ಮೊದಲು ಕೊಡುವುದು 2,100 ಹರ್ಟ್ಸಿನ ಒಂದು ಉದ್ದ ಸ್ವರ. ಗಮನವಿಟ್ಟು ಕೇಳಿದರೆ ಅದರಲ್ಲಿ ಅರ್ಧ ಸೆಕೆಂಡಿಗೂ ಸ್ವಲ್ಪ ಕಡಿಮೆ ಅಂತರದಲ್ಲಿ ಸಣ್ಣ ತೊಡರು ಕೇಳುತ್ತದೆ. ಅಲ್ಲಿ ಸ್ವರ ತಲೆಕೆಳಗಾಗುತ್ತದೆ, ದಾರಿಯ ಎಕ್ಸ್‌ಚೇಂಜುಗಳಲ್ಲಿ ಪ್ರತಿಧ್ವನಿ ಅಳಿಸುವ ಉಪಕರಣಗಳಿಗೆ ‘ಈಗ ಸುಮ್ಮನಿರಿ’ ಎಂಬ ಸೂಚನೆ ಅದು. ಈ ಸ್ವರವೇ ಬರದಿದ್ದರೆ ಆ ತುದಿಯಲ್ಲಿ ಮೋಡೆಮ್ ಎತ್ತಿಲ್ಲ. ವಿಂಡೋಸ್ 678 ಎಂಬ ದೋಷಸಂಖ್ಯೆ ತೋರಿಸುತ್ತದೆ. ನಿಮ್ಮ ಯಂತ್ರದ್ದೇನೂ ತಪ್ಪಿಲ್ಲ, ನಂಬರು ನೋಡಿ.

ಆಮೇಲೆ ಚಿಕ್ಕ ಚಿಲಿಪಿಲಿ. ಎರಡೂ ಮೋಡೆಮ್‌ಗಳು ನಿಧಾನವಾದ, ಗಟ್ಟಿಯಾದ ಭಾಷೆಯಲ್ಲಿ ತಮಗೆ ಯಾವ ಯಾವ ಪದ್ಧತಿ ಬರುತ್ತದೆ ಎಂದು ಹೇಳಿಕೊಳ್ಳುತ್ತವೆ: 1994ರಲ್ಲಿ ಬಂದ ವಿ.34, 1998ರ ವಿ.90. ಇಲ್ಲಿ ನಿಂತರೆ ಎರಡರ ನಡುವೆ ಹೊಂದಾಣಿಕೆ ಇಲ್ಲ. ನಂತರ ಹಲವು ಸ್ವರಗಳನ್ನು ಒಟ್ಟಿಗೆ ಒತ್ತಿದಂಥ ‘ಬೋಂಗ್’ ಸದ್ದು. ಲೈನ್ ಅಳೆಯುವ ಹಂತ ಇದು; 150ರಿಂದ 3,750 ಹರ್ಟ್ಸ್ ತನಕ ಯಾವ ಸ್ವರ ಎಷ್ಟು ಕುಂದಿ ಬಂತು ಎಂದು ಆ ಕಡೆಯದು ನೋಡಿ, ವೇಗ ಎಷ್ಟಿರಬೇಕೆಂದು ತೀರ್ಮಾನಿಸುತ್ತದೆ. ಕೊನೆಗೆ ಸುರಿಮಳೆಯಂಥ ಹಿಸ್ ಎಂಬ ಸದ್ದು, ಸ್ಪೀಕರ್ ಬಂದ್. ಈ ಹಿಸ್ ಬಂದು, ನಿಂತು, ಮತ್ತೆ ‘ಬೋಂಗ್’ ಎಂದು ಮೊದಲಿಗೆ ಹೋಗುತ್ತಿದ್ದರೆ ಒಪ್ಪಿಕೊಂಡ ವೇಗವನ್ನು ಲೈನು ಹೊರುತ್ತಿಲ್ಲ. ಮದ್ದು ಸುಲಭ: ಮಹತ್ವಾಕಾಂಕ್ಷೆ ಕಡಿಮೆ ಮಾಡಿ. ಎಟಿ + ಎಂಎಸ್ = ವಿ34 ಎಂದರೆ ಸೆಕೆಂಡಿಗೆ 56 ಕಿಲೋಬಿಟ್ಟಿನ ಆಸೆ ಬಿಟ್ಟು 33.6ರೊಳಗೆ ನಿಲ್ಲುತ್ತದೆ. ಹಳೆಯ ರಾಕ್‌ವೆಲ್ ಚಿಪ್ಪುಗಳಿಗೆ ವಿ34 ಬದಲು 11 ಎಂಬ ಅಂಕಿ ಕೊಡಬೇಕು. ಕಾಗದದ ಮೇಲೆ ನಿಧಾನವಾದ ಸಂಪರ್ಕ ಪದೇ ಪದೇ ಕಡಿಯದಿದ್ದರೆ ಒಟ್ಟು ಕೆಲಸ ಬೇಗ ಮುಗಿಯುತ್ತದೆ. ಕ್ಷಣಕಾಲದ ಗದ್ದಲಕ್ಕೇ ಕಡಿಯುತ್ತಿದ್ದರೆ ಎಸ್10 ರಿಜಿಸ್ಟರನ್ನು 50ಕ್ಕೆ ಏರಿಸಿ. ಸ್ವರ ಕಳೆದ ಮೇಲೆ 5 ಸೆಕೆಂಡು ಕಾಯುತ್ತದೆ.

ಪರದೆಯ ಮೂಲೆಯಲ್ಲಿ 1,15,200 ಎಂದು ತೋರಿಸಿದರೆ ಹಿಗ್ಗಬೇಡಿ. ಅದು ಕಂಪ್ಯೂಟರಿನಿಂದ ಮೋಡೆಮ್ ತನಕದ ವೇಗ. ಲೈನಿನ ನಿಜ ವೇಗ ತೋರಿಸಲು ಹಲವು ಮೋಡೆಮ್‌ಗಳಲ್ಲಿ ಎಟಿ ಡಬ್ಲ್ಯು2 ಕೊಡಬೇಕು.

ಸದ್ದು ಮುಗಿದು, ಹೆಸರು-ಪಾಸ್‌ವರ್ಡ್ ಪರಿಶೀಲಿಸುವ ಹಂತದಲ್ಲಿ ನಿಂತರೆ ಮೋಡೆಮ್ ತನ್ನ ಪಾಲಿನ ಕೆಲಸ ಮುಗಿಸಿದೆ. 691 ಎಂದರೆ ಪಾಸ್‌ವರ್ಡ್ ತಪ್ಪು ಅಥವಾ ಖಾತೆಯ ಗಂಟೆಗಳು ಮುಗಿದಿವೆ. 720 ಎಂದರೆ ಇಂಟರ್ನೆಟ್ಟಿನ ಮಾತುಕತೆ ನಡೆಸುವ ಟಿಸಿಪಿ/ಐಪಿ ಕೆಟ್ಟಿದೆ, ವಿಂಡೋಸ್ 98ರಲ್ಲಿ ಅದನ್ನು ತೆಗೆದು ಮತ್ತೆ ಸೇರಿಸಿ. 633 ಎಂದರೆ ಫ್ಯಾಕ್ಸ್‌ನಂಥ ಬೇರೆ ಪ್ರೋಗ್ರಾಮ್ ಪೋರ್ಟ್ ಹಿಡಿದು ಕೂತಿದೆ.

ಸಿಡಿಲು

ಅಶ್ವಿನಿ, ಭರಣಿ ಮಳೆಯ ಗುಡುಗು ಮುಗಿದ ಮರುದಿನ ಸತ್ತ ಮೋಡೆಮ್‌ಗೆ ಕಾರಣ ಹುಡುಕಬೇಕಿಲ್ಲ. ಆದರೆ ಟಿ.ವಿ., ಫ್ರಿಜ್ ಉಳಿದು ಮೋಡೆಮ್ ಒಂದೇ ಏಕೆ ಹೋಗುತ್ತದೆ? ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮೂರು ಪಿನ್ ಪ್ಲಗ್ಗಿನ ಮೂಲಕ ನಿಮ್ಮ ಮನೆಯ ಅರ್ಥಿಂಗ್‌ಗೆ ಕಟ್ಟಿದೆ. ಫೋನ್ ಲೈನು ಕಿಲೋಮೀಟರುಗಳಾಚೆಯ ಎಕ್ಸ್‌ಚೇಂಜಿನ ಅರ್ಥಿಂಗ್‌ಗೆ. ಹತ್ತಿರದಲ್ಲಿ ಸಿಡಿಲು ನೆಲಕ್ಕಿಳಿದಾಗ ಈ ಎರಡು ಭೂಮಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ, ಮನೆಯಲ್ಲಿ ಅವೆರಡೂ ಸಂಧಿಸುವ ಜಾಗ ಮೋಡೆಮ್. ಸಿಡಿಲು ಲೈನಿಗೇ ಬಡಿಯಬೇಕೆಂದಿಲ್ಲ. ಕಂಪ್ಯೂಟರ್ ಆಫ್ ಇದ್ದರೂ ಪ್ರಯೋಜನವಿಲ್ಲ, ಪಿನ್ ಕಳಚಬೇಕು. ಮೋಡ ಕಟ್ಟಿದಾಗಲೇ ಕಳಚಿ, ಗುಡುಗು ಶುರುವಾದ ಮೇಲೆ ತಂತಿ ಮುಟ್ಟಬೇಡಿ.

ಯುಪಿಎಸ್ ಅಥವಾ ಸ್ಪೈಕ್ ಬಸ್ಟರಿನಲ್ಲಿ ಫೋನ್ ಲೈನಿಗೆಂದು ಕೊಟ್ಟ ತೂತುಗಳು ಕೆಲಸ ಮಾಡುವುದು ಗೋಡೆಯ ಮೂರನೇ ಪಿನ್ನಿನಲ್ಲಿ ನಿಜವಾದ ಅರ್ಥಿಂಗ್ ಇದ್ದರೆ ಮಾತ್ರ. ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಆ ತೂತು ಇದ್ದು ಹಿಂದೆ ವೈರೇ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ.

ಪೆಟ್ಟು ತಿಂದ ಮೋಡೆಮ್ ಹೀಗೆ ತಿಳಿಯುತ್ತದೆ: ಎಟಿಗೆ ಓಕೆ ಎನ್ನುತ್ತದೆ, ಎಟಿ ಎಚ್1 ಕೊಟ್ಟರೆ ಲೈನ್ ಎತ್ತುವ ರಿಲೇಯ ಟಕ್ ಸದ್ದೂ ಬರುತ್ತದೆ, ಆದರೆ ಸ್ಪೀಕರಿನಲ್ಲಿ ಡಯಲ್ ಟೋನ್ ಇಲ್ಲ. ಅಥವಾ ಅದನ್ನು ಲೈನಿಗೆ ಸಿಕ್ಕಿಸಿದ ಕೂಡಲೇ ಮನೆಯ ಫೋನೆಲ್ಲ ಸ್ತಬ್ಧ. ಎರಡನೆಯದಾದರೆ ಆಸೆಯಿದೆ. ಲೈನ್ ಜಾಕಿನ ಪಕ್ಕದಲ್ಲೇ ಗುಂಡು ಬಿಲ್ಲೆಯಂತೆ ನಿಂತಿರುವ ವೇರಿಸ್ಟರ್ ಏಟನ್ನು ತಾನು ತಿಂದು ಶಾರ್ಟ್ ಆಗಿರುತ್ತದೆ; ಸೀಳು ಅಥವಾ ಕಪ್ಪು ಕಾಣುತ್ತದೆ. ಬೆಸುಗೆ ಬಿಡಿಸಿ ತೆಗೆದರೆ ಮೋಡೆಮ್ ನಡೆಯುತ್ತದೆ, ಆದರೆ ಮೈಮೇಲಿನ ನಂಬರ್ ನೋಡಿ ಅದೇ ಅಳತೆಯದನ್ನು ಹಾಕದೆ ಬಿಡಬಾರದು. ಮೊದಲನೆಯದಾದರೆ ಲೈನ್ ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳನ್ನೂ ಓಮ್ ಮೀಟರಿನಲ್ಲಿ ನೋಡಿ; ಒಂದು ಕಡಿದಿದ್ದರೆ ಮೀಟರ್ ಅಲ್ಲಾಡುವುದಿಲ್ಲ. ಟ್ರಾನ್ಸ್‌ಫಾರ್ಮರ್ ಬದಲು ಚಿಪ್ಪೇ ಇರುವ ಹೊಸ ಬಗೆಯ ಕಾರ್ಡುಗಳಲ್ಲಿ ಟಕ್ ಸದ್ದೂ ಇರದು, ರಿಪೇರಿಯೂ ಕಷ್ಟ.

ಈಗಿನ ಲೈನಿನಲ್ಲಿ

ತಾಮ್ರ ಹೋಗಿ ಫೈಬರ್ ಬಂದ ಮನೆಗಳಲ್ಲಿ ಫೋನ್ ಪಿನ್ ಇರುವುದು ಫೈಬರ್ ಪೆಟ್ಟಿಗೆಯ ಹಿಂದೆ. ಅಲ್ಲಿಗೆ ಸಿಕ್ಕಿಸಿದರೆ ಡಯಲ್ ಟೋನ್ ಬರುತ್ತದೆ, ಮೋಡೆಮ್ ಡಯಲ್ಲೂ ಮಾಡುತ್ತದೆ. ಆದರೆ ಸದ್ದು ಇಲ್ಲಿಂದ ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ಟಿನ ಜಿ.711 ಪದ್ಧತಿಯಲ್ಲಿ ಹೋದರೆ ಸ್ವಲ್ಪ ನಂಬಬಹುದು. ಮಾತಿಗೆಂದೇ ಹಿಂಡಿ ಕಳಿಸುವ ಜಿ.729 ಆದರೆ ಮೋಡೆಮ್‌ನ ಸ್ವರಗಳು ಆ ಕಡೆ ಗುರುತು ಸಿಗದಂತೆ ತಲುಪುತ್ತವೆ. ಒಂದು ಪ್ಯಾಕೆಟ್ ಕಳೆದರೂ ಮಾತಿನಲ್ಲಿ ತಿಳಿಯುವುದಿಲ್ಲ, ಮೋಡೆಮ್ ಮಾತ್ರ ಮತ್ತೆ ಲೈನ್ ಅಳೆಯಲು ಕೂರುತ್ತದೆ. ಇಂಥ ಲೈನಿನಲ್ಲಿ 14,400ರ ವಿ.32 ಬಿಸ್‌ಗೆ ಇಳಿಸಿ ಪ್ರಯತ್ನಿಸುವುದು ಒಳ್ಳೆಯದು.

ಕರೆ ಮಾಡುವುದಾದರೂ ಯಾರಿಗೆ ಎಂಬುದು ಇನ್ನೊಂದು ತೊಡಕು. ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ರಂದು ಡಯಲ್-ಅಪ್ ಮುಚ್ಚಿತು. ಹಾಗಾಗಿ ರಿಪೇರಿಯಾದ ಮೋಡೆಮ್ ಪರೀಕ್ಷಿಸಲು ಇನ್ನೊಂದು ಮೋಡೆಮ್ ಬೇಕು, ಎಕ್ಸ್‌ಚೇಂಜ್ ಬೇಡ. ಎರಡರ ಲೈನ್ ಜಾಕುಗಳನ್ನೂ ಒಂದು ಫೋನ್ ವೈರಿನಿಂದ ಜೋಡಿಸಿ. ಆ ವೈರಿನ ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕತ್ತರಿಸಿ, ನಡುವೆ 9 ವೋಲ್ಟಿನ ಎರಡು ಬ್ಯಾಟರಿಯನ್ನೂ 330 ಓಮ್ ರೆಸಿಸ್ಟರನ್ನೂ ಸರಣಿಯಲ್ಲಿ ಸೇರಿಸಿ. ಎರಡೂ ಲೈನ್ ಎತ್ತಿದಾಗ ಸುಮಾರು 20 ಮಿಲಿಆಂಪಿಯರ್ ಹರಿದರೆ ಸಾಕು. ಬ್ಯಾಟರಿಯ ದಿಕ್ಕು ಹೇಗಿದ್ದರೂ ನಡೆಯುತ್ತದೆ, ಮೋಡೆಮ್‌ನ ಒಳಗೆ ಬ್ರಿಜ್ ರೆಕ್ಟಿಫೈಯರ್ ಇದೆ. ಒಂದು ಕಂಪ್ಯೂಟರಿನಲ್ಲಿ ಎಟಿ ಎಕ್ಸ್3 ಡಿ ಎಂದೂ, ತಕ್ಷಣ ಇನ್ನೊಂದರಲ್ಲಿ ಎಟಿ ಎ ಎಂದೂ ಕೊಡಿ. ಸದ್ದುಗಳೆಲ್ಲ ಕ್ರಮವಾಗಿ ಬಂದು ಕನೆಕ್ಟ್ 33600 ಎಂದು ಬರಬೇಕು. 56 ಬರಲಿಲ್ಲವೆಂದು ಬೇಸರ ಬೇಡ, ವಿ.90ಗೆ ಒಂದು ತುದಿ ನೇರವಾಗಿ ಎಕ್ಸ್‌ಚೇಂಜಿನ ಡಿಜಿಟಲ್ ಕಡೆಗೆ ಕಟ್ಟಿರಬೇಕು, ಎರಡು ಮನೆಯ ಮೋಡೆಮ್‌ಗಳ ನಡುವೆ 33.6ರಿಂದ ಮೇಲೆ ಹೋಗುವುದಿಲ್ಲ. ಒಂದು ಕಡೆ ಟೈಪ್ ಮಾಡಿದ್ದು ಇನ್ನೊಂದು ಕಡೆ ಅಕ್ಷರ ತಪ್ಪದೆ ಬಂದರೆ, ಹೈಪರ್‌ಟರ್ಮಿನಲಿನ ಝಡ್‌ಮೋಡೆಮ್‌ನಲ್ಲಿ 1 ಎಂ.ಬಿ. ಫೈಲೊಂದನ್ನು ಕಳಿಸಿ ನೋಡಿ. 4-5 ನಿಮಿಷದಲ್ಲಿ ತಪ್ಪಿಲ್ಲದೆ ತಲುಪಬೇಕು. ನಡುವೆ ಅದೇ ಭಾಗವನ್ನು ಮತ್ತೆ ಮತ್ತೆ ಕಳಿಸುತ್ತಿದ್ದರೆ ಮೊದಲು ಎರಡೂ ಕಡೆಯ ಪಿನ್ನುಗಳ ಕಿಲುಬು ಒರೆಸಿ, ಆಮೇಲೆ ಬ್ಯಾಟರಿ ಬದಲಿಸಿ, ಅದಾದ ಮೇಲಷ್ಟೇ ಮೋಡೆಮ್ ಬಿಚ್ಚಿ.